ಬಾಗಿದ ಅಲಗಿಗೆ ಸಂಪಿಗೆಯ ಒರೆ

ಹೈರಿಡ್ಜ್, ನೈರೋಬಿ
9 ಫೆಬ್ರವರಿ 2025

ಸೂರಣ್ಣನಿಗೆ,

ರುಕ್ಕು ಬರೆಯುತ್ತಿದ್ದೇನೆ. ನೀನು ನನ್ನ ಫೋನ್ ಎತ್ತದೆ ಒಂಬತ್ತು ವರ್ಷವಾಯಿತು, ಹಾಗಾಗಿ ಕಾಗದ. ನಮ್ಮ ಪಕ್ಕದ ಬ್ಲಾಕಿನಲ್ಲಿ ಚೇತನ್ ಎಂಬ ಟೆಲಿಕಾಂ ಎಂಜಿನಿಯರ್ ಇದ್ದಾರೆ. ಒಂದೂವರೆ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬರುತ್ತಾರೆ. ಅಲ್ಲಿಂದ ಮೈಸೂರಿಗೆ ಕೊರಿಯರ್ ಮಾಡುತ್ತೇನೆ ಎಂದಿದ್ದಾರೆ.

ಅಮ್ಮ ಹೋದ ಮರುವರ್ಷ, ಅಪ್ಪನ ಮರಗೆಲಸದ ವರ್ಕ್‌ಷಾಪಿನ ಹಿಂದಿದ್ದ ಸಂಪಿಗೆ ಮರವನ್ನು ನೀನು ಕಡಿಸಿದೆ ಎಂದು ತಿಳಿದಾಗ ನಾನು ಆಡಿದ ಮಾತು ನಿನಗೂ ನೆನಪಿದೆ, ನನಗೂ ಇದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನ್ನಿಂದ ಒಂದು ಕೆಲಸವಾಗಬೇಕು. ನನಗಾಗಿ ಅಲ್ಲ.

ಇಲ್ಲೇ ಲೊರೆಶೋ ಬಡಾವಣೆಯಲ್ಲಿ ಹಿಸಾಕೊ ಎಂಬ ಜಪಾನಿ ಹೆಂಗಸು ಇದ್ದಾರೆ. ಎಂಬತ್ತರ ಹತ್ತಿರದ ವಯಸ್ಸು. ಗಂಡ ಇಲ್ಲಿಗೆ ಸೇತುವೆ ಕಟ್ಟಲು ಬಂದ ಎಂಜಿನಿಯರ್, ಇಲ್ಲೇ ಉಳಿದು, ಎರಡು ವರ್ಷದ ಹಿಂದೆ ತೀರಿಕೊಂಡರು. ಗುರುವಾರ ಮಧ್ಯಾಹ್ನ ನಾವಿಬ್ಬರೂ ಅವರ ವರಾಂಡದಲ್ಲಿ ಕುಳಿತು ಪದ್ಯ ಓದುತ್ತೇವೆ. ಅವರು ಜಪಾನಿಯಲ್ಲಿ, ನಾನು ಕನ್ನಡದಲ್ಲಿ, ವಿವರಣೆ ಇಂಗ್ಲಿಷಿನಲ್ಲಿ. ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಅದರಿಂದ ಇಬ್ಬರಿಗೂ ಬೇಸರವಿಲ್ಲ.

ಅವರ ಗಂಡನ ಮನೆತನದ್ದೊಂದು ಹಳೆಯ ಖಡ್ಗವಿದೆ. ಅದರ ಮರದ ಒರೆಯನ್ನು ಗೆದ್ದಲು ತಿಂದುಹಾಕಿದೆ. ಈಗ ಅಲಗು ಬರಿಮೈಯಲ್ಲಿ, ಎಣ್ಣೆ ಸವರಿದ ಬಟ್ಟೆಯೊಳಗಿದೆ. ಆಗಸ್ಟ್ ಮಧ್ಯದಲ್ಲಿ ಹಿಸಾಕೊ ಶಾಶ್ವತವಾಗಿ ಜಪಾನಿಗೆ, ಮಗಳ ಊರಿಗೆ ಹೊರಡುತ್ತಾರೆ. ಕಾಗದಪತ್ರವನ್ನೆಲ್ಲ ಮಗಳು ನೋಡಿಕೊಂಡಿದ್ದಾಳೆ. ಆದರೆ ಗಂಡನ ಖಡ್ಗವನ್ನು ಟವೆಲಿನಲ್ಲಿ ಸುತ್ತಿ ಒಯ್ಯಲಾರೆ ಎನ್ನುತ್ತಾರೆ ಇವರು. ಜಪಾನಿನಲ್ಲಿ ಒರೆ ಮಾಡಿಸೋಣವೆಂದರೆ ಅಲಗನ್ನೇ ಮೊದಲು ಅಲ್ಲಿಗೆ ಕಳಿಸಬೇಕು, ಕಳಿಸಲು ಒರೆ ಬೇಕು. ಇಲ್ಲಿನ ಒಬ್ಬ ಫುಂಡಿಯನ್ನು ಕೇಳಿದೆವು. ಫುಂಡಿ ಎಂದರೆ ಇಲ್ಲಿ ಬಡಗಿ, ಮೇಸ್ತ್ರಿ ಎಲ್ಲ. ಕೆಲಸ ಗೊತ್ತಿದ್ದವನು. "ನನ್ನತ್ರ ಇರೋ ಮರ ಇನ್ನೂ ಹಸಿ ಅಮ್ಮ, ಕಬ್ಬಿಣ ತುಕ್ಕು ಹಿಡಿಯುತ್ತೆ" ಎಂದು ಅವನೇ ಬೇಡವೆಂದ.

ಒರೆಗೆ ಅವರಲ್ಲಿ ಹೊನೊಕಿ ಎಂಬ ಮರ ಬಳಸುತ್ತಾರಂತೆ. ಮೆದು, ಅಂಟಿಲ್ಲ, ಅಲಗನ್ನು ಗೀಚುವುದಿಲ್ಲ. ಚಿತ್ರ ತೋರಿಸಿದರು. ಎಲೆ ನೋಡಿದೆ, ಮೊಗ್ಗು ನೋಡಿದೆ. ಅಣ್ಣ, ಅದು ಸಂಪಿಗೆಯ ದಾಯಾದಿ. ಒಂದೇ ಕುಲದ ಮರ. ಬಹಳ ವರ್ಷ ಒಣಗಿದ ಹಲಗೆಯೇ ಬೇಕಂತೆ.

ಆ ಮರದ ಹಲಗೆ ಏನಾದರೂ ಉಳಿದಿದೆಯೇ? ಅಲಗಿನ ಉದ್ದ ಎರಡು ಅಡಿಗೆ ಅರ್ಧ ಅಂಗುಲ ಹೆಚ್ಚು. ಎರಡು ತುದಿಗೂ ದಾರ ಎಳೆದು ಹಿಡಿದರೆ, ಬಾಗು ಅತಿ ಹೆಚ್ಚಿರುವಲ್ಲಿ ದಾರಕ್ಕೂ ಬೆನ್ನಿಗೂ ನಡುವೆ ಮುಕ್ಕಾಲು ಅಂಗುಲ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು.

ನಿನ್ನ ತಂಗಿ
ರುಕ್ಮಿಣಿ


ಮೈಸೂರು
30 ಮಾರ್ಚ್ 2025, ಯುಗಾದಿ

ರುಕ್ಮಿಣಿಗೆ,

ಕಾಗದ ತಲುಪಿತು. ಸಂಪಿಗೆ ಇಲ್ಲ. ಬೀಟೆಯಲ್ಲಿ ಮಾಡಿ ಕಳಿಸಿದ್ದೇನೆ. ಖಡ್ಗವೆಂದ ಮೇಲೆ ಅರಮನೆ ಕೆಲಸದ ಹಾಗೆ ಕಾಣಬೇಕೆಂದು ಎರಡು ಬದಿಗೂ ಇನ್‌ಲೇಯಲ್ಲಿ ಜಂಬೂಸವಾರಿ ಕೂರಿಸಿದ್ದೇನೆ. ಆನೆಗಳಿಗೆ ಹಲಸಿನ ಮರ, ಅಂಬಾರಿಗೆ ಬೇರೆ ಬಣ್ಣದ್ದು. ನೀನು ಕೊಟ್ಟ ಅಳತೆಗೆ ಸರಿಯಾಗಿದೆ.

ಇಂದು ನಿನ್ನ ಅತ್ತಿಗೆ ಬೇವುಬೆಲ್ಲ ಕೊಟ್ಟು, ಎರಡು ಸಾಲು ಬರೆದ ಮೇಲೆಯೇ ಊಟ ಎಂದು ಕೂರಿಸಿದ್ದಾಳೆ. ಎರಡು ಸಾಲು ಆಯಿತು.

ಸೂರ್ಯನಾರಾಯಣ


ಹೈರಿಡ್ಜ್
19 ಏಪ್ರಿಲ್ 2025

ಸೂರಣ್ಣನಿಗೆ,

ಶಾಲೆಯಲ್ಲಿ ಹಾಜರಿ ಕರೆದ ಹಾಗೆ ರುಕ್ಮಿಣಿ ಎಂದು ಬರೆದಿದ್ದೀಯೆ. ಹಾಜರಿದ್ದೇನೆ.

ಒರೆ ಬಂತು. ಮೇಜಿನ ಮೇಲಿಟ್ಟು ನಾನೂ ನಮ್ಮ ಯಜಮಾನರೂ ಬಹಳ ಹೊತ್ತು ನೋಡಿದೆವು. ಮುಂದಿನ ಆನೆಯ ಬಾಲವನ್ನು ಹಿಂದಿನ ಆನೆ ಸೊಂಡಿಲಿನಿಂದ ಮುಟ್ಟುವಂತೆ ಮಾಡುವುದು ಅಪ್ಪನ ಅಭ್ಯಾಸ. ನೀನು ಅದನ್ನು ಬಿಟ್ಟಿಲ್ಲ.

ಮಳೆಯಲ್ಲೇ ಲೊರೆಶೋಗೆ ಒಯ್ದೆ. ಹಿಸಾಕೊ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ಕೇಳಿದರು, "ಇಷ್ಟು ಆನೆ ಇರೋ ಮನೆಗೆ ನಮ್ಮ ಬಡ ಅಲಗು ಹೇಗೆ ಹೋಗುತ್ತೆ?"

ಹೋಗಲಿಲ್ಲ ಅಣ್ಣ. ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿ ನಿಂತಿತು. ಅವರು ಒತ್ತಲಿಲ್ಲ. ಬೀಟೆ ಗಟ್ಟಿ, ಒತ್ತಿದರೆ ಅಲಗಿನ ಮೈ ಗೀಚುತ್ತದೆ.

ತಪ್ಪು ನಿನ್ನ ಕೈಯದಲ್ಲ. ನಮ್ಮ ಯಜಮಾನರು ಔಷಧಿ ಫ್ಯಾಕ್ಟರಿಯಲ್ಲಿ ಮೆಷಿನ್ ನೋಡಿಕೊಳ್ಳುವವರಲ್ಲವೇ, ಒರೆಯ ಮೇಲೆ ಸ್ಕೇಲ್ ಇಟ್ಟು ನೋಡಿ ನಕ್ಕರು. "ಅಲ್ವೇ, ಬರೀ ಎರಡು ನಂಬರ್ ಕೊಟ್ಟು ಕರ್ವ್ ಮಾಡು ಅಂದ್ರೆ ಯಾರಾದ್ರೂ ಕೈವಾರ ಇಟ್ಟು ಸರ್ಕಲ್ ಪೀಸೇ ಎಳೀತಾರೆ. ಭಾವ ಕರೆಕ್ಟಾಗೇ ಮಾಡಿದಾರೆ. ನಿನ್ನ ಕತ್ತಿ ಸರ್ಕಲ್ ಅಲ್ಲ."

ಅದು ನಿಜ. ಹಿಸಾಕೊ ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಬಾಗೆಲ್ಲ ಇರುವುದು ಹಿಡಿಯ ಹತ್ತಿರ. ಅಲ್ಲಿಂದ ತುದಿಯ ಕಡೆ ಹೋಗುತ್ತ ಹೋಗುತ್ತ ನೇರವಾಗಿಬಿಡುತ್ತದೆ. ಕುದುರೆ ಸವಾರರ ಕಾಲದ ಅಲಗುಗಳು ಹೀಗಿರುತ್ತವಂತೆ. ಈಚಿನವುಗಳಲ್ಲಿ ಬಾಗು ನಡುವಿಗೆ ಬಂತು, ಕೆಲವದರಲ್ಲಿ ತುದಿಗೆ.

ಅದನ್ನು ಯಾರೂ ಬಗ್ಗಿಸಿದ್ದಲ್ಲ ಎಂದರು. ಕಮ್ಮಾರ ಬಡಿಯುವಾಗ ಹೆಚ್ಚುಕಡಿಮೆ ನೇರವೇ ಇರುತ್ತದೆ. ಆಮೇಲೆ ಮೈಗೆ ಜೇಡಿಮಣ್ಣು ಮೆತ್ತುತ್ತಾನೆ, ಬೆನ್ನಿಗೆ ದಪ್ಪ, ಹರಿತದ ಬಾಯಿಯ ಕಡೆ ತೆಳು. ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ಬಾಯಿ ಥಟ್ಟನೆ ತಣಿದು ಗಡುಸಾಗಿ ಹಿಗ್ಗುತ್ತದೆ, ಬೆನ್ನು ನಿಧಾನವಾಗಿ ತಣಿಯುತ್ತ ಕುಗ್ಗುತ್ತದೆ. ಆ ಜಗ್ಗಾಟದಲ್ಲಿ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಮೊದಲ ಕ್ಷಣ ಮಾತ್ರ ತದ್ವಿರುದ್ಧವಾಗಿ, ಬಾಯಿಯ ಕಡೆಗೆ ಬಗ್ಗಿ, ಆಮೇಲೆ ಮನಸ್ಸು ಬದಲಿಸಿದ ಹಾಗೆ ಹಿಂದಕ್ಕೆ ಬರುತ್ತದಂತೆ. ಎಷ್ಟೋ ಅಲಗುಗಳು ನೀರಿನಲ್ಲೇ ಸೀಳಿಹೋಗುತ್ತವೆ. ಉಳಿದದ್ದರ ಬಾಗು ಎಷ್ಟು, ಎಲ್ಲಿ ಎಂದು ಕಮ್ಮಾರನಿಗೆ ಅಂದಾಜಿರುತ್ತದೆ, ಖಾತ್ರಿ ಇರುವುದಿಲ್ಲ.

ಬೀಟೆಯ ಒರೆಯನ್ನು ಹಿಸಾಕೊ ವಾಪಸು ಕೊಡಲು ಒಪ್ಪುತ್ತಿಲ್ಲ. ಗೋಡೆಗೆ ಹಾಕಿಕೊಂಡಿದ್ದಾರೆ.

ಸಂಪಿಗೆ ಇಲ್ಲ ಎಂದು ಬರೆದಿದ್ದೀಯೆ. ಒಂದು ಹಲಗೆಯೂ ಇಲ್ಲವೇ? ಮತ್ತೆ ಕೇಳುತ್ತಿದ್ದೇನೆ. ಕೇಳಲು ನನಗೆ ಸುಲಭವಲ್ಲ ಎಂಬುದು ನಿನಗೆ ಗೊತ್ತು.

ರುಕ್ಕು


ಮೈಸೂರು
11 ಮೇ 2025

ರುಕ್ಮಿಣಿಗೆ,

ಎಂ.ಎ. ಓದಿದವರು ಮಾಡುವ ಕೆಲಸವನ್ನೇ ನೀನು ಮಾಡಿದೆ. ಎರಡು ಅಂಕಿ ಬರೆದು ಕಳಿಸಿದರೆ ವಸ್ತು ಬಂತೆಂದು ತಿಳಿದೆ. ನಾನೂ ಅದನ್ನು ನಂಬಿ ಕೈವಾರ ಹಿಡಿದೆನಲ್ಲ, ನನಗೇನು ಹೇಳುವುದು. ಅಪ್ಪ ಇದ್ದಿದ್ದರೆ ಇಬ್ಬರ ತಲೆಗೂ ಮೊಟಕುತ್ತಿದ್ದರು. ಯಾರಾದರೂ ಮುರಿದ ವೀಣೆಯ ಭಾಗವೋ ತೊಟ್ಟಿಲ ಕಾಲೋ ಮಾಡಿಕೊಡಿ ಎಂದು ಅಳತೆ ಬರೆದು ತಂದರೆ, "ಅಳತೆ ಇಟ್ಕೊಳ್ಳಿ, ನೆರಳು ತನ್ನಿ" ಎನ್ನುತ್ತಿದ್ದರು. ವಸ್ತುವನ್ನು ಕಾಗದದ ಮೇಲೆ ಮಲಗಿಸಿ ಸುತ್ತ ಗೆರೆ ಎಳೆದು ತರಬೇಕಿತ್ತು. ನಿನಗೆ ನೆನಪಿಲ್ಲದಿರಬಹುದು. ನೀನು ಆಗ ಕಾಲೇಜಿನಲ್ಲಿದ್ದೆ, ನಾನು ಅಂಗಡಿಯಲ್ಲಿದ್ದೆ.

ಅಲಗನ್ನು ದಪ್ಪ ಕಾಗದದ ಮೇಲೆ ಮಲಗಿಸಿ ಗೆರೆ ಎಳೆ. ಪೆನ್ಸಿಲ್ ಚೂಪಾಗಿರಲಿ, ನೆಟ್ಟಗೆ ನಿಲ್ಲಿಸಿ ಹಿಡಿ, ಒಳಕ್ಕೆ ವಾಲಿಸಬೇಡ. ಕಾಗದ ಒಂದೇ ತುಂಡಾಗಿರಬೇಕು, ಅಂಟಿಸಿದ್ದು ಬೇಡ. ಬೆನ್ನಿನ ದಪ್ಪವನ್ನು ಬುಡದಲ್ಲಿ, ನಡುವೆ, ತುದಿಯಲ್ಲಿ ಬೇರೆ ಬೇರೆ ಬರೆ. ಕಾಗದ ಮಡಿಸಬೇಡ, ಕೊಳವೆಯಲ್ಲಿ ಸುತ್ತಿ ಕಳಿಸು.

ಇನ್ನೊಂದು ವಿಷಯ. ಅವತ್ತು ನೀನು ಫೋನಿನಲ್ಲಿ "ನಿಂಗೆ ಮರ ಕಂಡ್ರೆ ಹಲಗೆ ಅಷ್ಟೇ ಕಾಣ್ಸೋದು ಅಲ್ವಾ" ಅಂದೆ. ನೀನು ಬರೆಯುವುದಿಲ್ಲ ಎಂದೆಯಲ್ಲ, ನಾನು ಬರೆದಿದ್ದೇನೆ.

ಹಲಗೆ ಇದೆ. ಅಟ್ಟದ ಮೇಲೆ, ಗಾಳಿಯಾಡಲಿ ಎಂದು ನಡುವೆ ರೀಪು ಕೊಟ್ಟು ಜೋಡಿಸಿದ್ದೇನೆ. ಒಬ್ಬರು ದೇವರ ಮನೆಯ ಬಾಗಿಲಿಗೆ ಕೇಳಿದರು, ಕೊಡಲಿಲ್ಲ. ಯಾರಿಗೂ ಕೊಟ್ಟಿಲ್ಲ. ಇಲ್ಲ ಎಂದು ಬರೆದದ್ದು ಸುಳ್ಳು.

ಸೂರ್ಯನಾರಾಯಣ


ಹೈರಿಡ್ಜ್
1 ಜೂನ್ 2025

ಸೂರಣ್ಣನಿಗೆ,

ಕೊಳವೆಯಲ್ಲಿ ನೆರಳು ಕಳಿಸಿದ್ದೇನೆ. "ಇದೇನ್ ಮೇಡಂ, ನಕ್ಷೆನಾ, ಏರ್‌ಪೋರ್ಟಲ್ಲಿ ಕೇಳಿದ್ರೆ ಏನಂತ ಹೇಳ್ಲಿ" ಎಂದು ಚೇತನ್ ಹೆದರಿದರು. ಮರಗೆಲಸದ ಚಿತ್ರ ಎಂದು ಹೇಳಿ, ಅದು ಸುಳ್ಳಲ್ಲ ಎಂದೆ.

ಎಳೆದದ್ದು ಹೇಗೆಂದು ಹೇಳುತ್ತೇನೆ. ಊಟದ ಮೇಜಿನ ಮೇಲೆ ಕಾಗದ ಹಾಸಿದೆವು. ಹಿಸಾಕೊ ಅಲಗಿನ ಎಣ್ಣೆ ಒರೆಸಿ ಮಲಗಿಸಿದರು. ಬೆರಳು ತಾಗಿದರೆ ಅಲ್ಲಿ ತುಕ್ಕು ಬರುತ್ತದೆಂದು ನನ್ನ ಕೈಗೆ ಹತ್ತಿಯ ಗವಸು ತೊಡಿಸಿದರು. ಗೆರೆ ಬೆನ್ನಿನಗುಂಟ ಹೊರಟಿತು. ಹಿಡಿಯ ಹತ್ತಿರ ನನ್ನ ಮಣಿಕಟ್ಟು ತಾನಾಗಿ ತಿರುಗಬೇಕಾಯಿತು. ಆಮೇಲೆ ತಿರುಗುವುದು ಕಡಿಮೆಯಾಗುತ್ತ ಬಂತು. ತುದಿಗೆ ಬರುವ ಹೊತ್ತಿಗೆ ಕೈ ಸುಮ್ಮನೆ ಮುಂದೆ ಹೋಗುತ್ತಿತ್ತು, ಅಷ್ಟೆ. ಎಷ್ಟು ನೂರು ವರ್ಷದ ಹಿಂದೆಯೋ, ಯಾವ ನೀರಿನಲ್ಲೋ ಆದದ್ದು ನನ್ನ ಕೈಗೆ ಈಗ ಗೊತ್ತಾದಂತಾಯಿತು. ಅಲಗನ್ನು ಎತ್ತಿದ ಮೇಲೆ ಕಾಗದದಲ್ಲಿ ಉಳಿದ ಆಕಾರವನ್ನು ಹಿಸಾಕೊ ನೋಡುತ್ತ ಕುಳಿತರು. ಗಂಡ ವರ್ಷಕ್ಕೆರಡು ಸಲ ಅದನ್ನು ತೆಗೆದು ಒರೆಸುವಾಗ ಇವರು ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲವಂತೆ. "ಅವರಿಗೊಬ್ಬರಿಗೇ ಸೇರಿದ್ದು ಅಂದ್ಕೊಂಡಿದ್ದೆ" ಎಂದರು.

ಅಂಗಡಿಯ ವಿಷಯ ನನಗೆ ನೆನಪಿಲ್ಲದಿರಬಹುದು ಎಂದೆಯಲ್ಲ. ನೆನಪಿದೆ. ಅಪ್ಪ ಡಿಸೈನ್ ಬರೆದ ಕಾಗದವನ್ನು ಮರಕ್ಕೆ ಅಂಟಿಸಲು ಅನ್ನ ಅರೆಯುತ್ತಿದ್ದರು. ಅಮ್ಮ ಕುಕ್ಕರ್ ತೆಗೆದ ಕೂಡಲೇ ಒಂದು ಸೌಟು ಅನ್ನ ಬಾಳೆಲೆಯ ಚೂರಿನಲ್ಲಿ ಅಂಗಡಿಗೆ ಹೋಗಬೇಕು. ಅದನ್ನು ಒಯ್ಯುವ ಕೆಲಸ ನನ್ನದು. ದಾರಿಯಲ್ಲಿ ಅರ್ಧ ತಿಂದುಬಿಡುತ್ತಿದ್ದೆ. ಹಿಂದಿನ ಬಾಗಿಲಿನಿಂದ ಹೋದರೆ ಸಂಪಿಗೆಯ ಕೆಳಗೆ ಬಿದ್ದ ಹೂವಿನ ಮೇಲೆ ಕಾಲಿಡದೆ ನಡೆಯಬೇಕಿತ್ತು. ಕಾಲಿಟ್ಟರೆ ಅಮ್ಮ ಬೈಯುತ್ತಿದ್ದಳು. ಒಳಗೆ ನೀನು ಉಳಿ ಹಿಡಿದು ಕುಳಿತಿರುತ್ತಿದ್ದೆ. ನನಗೂ ಒಂದು ಸಲ ಕೊಡು ಎಂದರೆ ಕೊಡುತ್ತಿರಲಿಲ್ಲ. ನಿನ್ನ ಕೈಯಲ್ಲಿ ಉಳಿ ಇದೆಯೆಂದು ನನಗೆ ಹೊಟ್ಟೆಕಿಚ್ಚು. ನನ್ನ ಕೈಯಲ್ಲಿ ಪುಸ್ತಕವಿದೆಯೆಂದು ನಿನಗೆ ಏನನ್ನಿಸುತ್ತಿತ್ತೋ, ನಾನು ಕೇಳಲಿಲ್ಲ.

ಇದೆಲ್ಲ ಯಾಕೆ ನೆನಪಾಯಿತೆಂದರೆ, ಒರೆಯ ಎರಡು ಹೋಳನ್ನು ಜಪಾನಿನಲ್ಲಿ ಕೂಡಿಸುವುದು ಅನ್ನದ ಅಂಟಿನಿಂದಲೇ ಅಂತೆ. ಗಟ್ಟಿ ಅಂಟು ಹಾಕಬಾರದು. ಮುಂದೆಂದಾದರೂ ಒಳಗೆ ತುಕ್ಕಿನ ಪುಡಿ ಸೇರಿದರೆ, ಒರೆ ಮುರಿಯದ ಹಾಗೆ ಬಿಡಿಸಿ, ಶುಚಿ ಮಾಡಿ, ಮತ್ತೆ ಕೂಡಿಸಬೇಕಾಗುತ್ತದೆ. ಅನ್ನದ ಅಂಟು ಅಷ್ಟಕ್ಕೆ ಬಿಟ್ಟುಕೊಡುತ್ತದೆ.

ಹಲಗೆಯ ವಿಷಯಕ್ಕೆ ಏನು ಬರೆಯಬೇಕೋ ತಿಳಿಯದೆ ಎರಡು ದಿನ ಈ ಕಾಗದವನ್ನು ಹಾಗೇ ಇಟ್ಟಿದ್ದೆ. ಇವತ್ತು ಹಾಗೇ ಕಳಿಸುತ್ತಿದ್ದೇನೆ.

ರುಕ್ಕು


ಮೈಸೂರು
13 ಜುಲೈ 2025

ರುಕ್ಮಿಣಿಗೆ,

ಒರೆ ಕಳಿಸಿದ್ದೇನೆ. ಎರಡು ಹೋಳು, ದಾರದಲ್ಲಿ ಕಟ್ಟಿದೆ. ಅಂಟಿಸಿಲ್ಲ. ಅಲಗು ಇಲ್ಲದೆ ನಾನು ಅಂಟಿಸಬಾರದು. ನೆರಳು ಎಷ್ಟೇ ಸರಿಯಿದ್ದರೂ ಅದು ನೆರಳೇ. ಉಳಿದ ಕೆಲಸ ನೀನೇ ಮಾಡಬೇಕು. ಒಂದು ಸಣ್ಣ ಉಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಆಗ ಕೇಳಿದ್ದೆಯಲ್ಲ.

ಅಲಗಿನ ಬೆನ್ನಿಗೆ ತೆಳ್ಳಗೆ ಎಣ್ಣೆ ಸವರು. ಒಂದು ಹೋಳಿನಲ್ಲಿ ಮೆತ್ತಗೆ ಇಟ್ಟು ತೆಗೆ. ಎಣ್ಣೆ ಅಂಟಿದ ಕಡೆ ಮರ ತಾಗುತ್ತಿದೆ ಎಂದರ್ಥ, ಅಲ್ಲಿ ಒಂದು ಎಳೆ ಕೆರೆ. ಮತ್ತೆ ಇಡು, ಮತ್ತೆ ನೋಡು. ಅವಸರ ಬೇಡ. ಹಿಡಿಯ ಹತ್ತಿರದ ತಿರುವಿನಲ್ಲಿ ಬೇಕೆಂದೇ ಸ್ವಲ್ಪ ಮರ ಬಿಟ್ಟಿದ್ದೇನೆ. ತೆಗೆಯುವುದು ಸುಲಭ, ಸೇರಿಸಲಾಗುವುದಿಲ್ಲ. ಉಪ್ಪುಕಾಗದ ಮುಟ್ಟಲೇಬೇಡ, ಅದರ ಮರಳು ಒಳಗೆ ಕುಳಿತು ಅಲಗನ್ನು ಗೀಚುತ್ತದೆ. ಕೊನೆಗೆ, ನೆರಳಿನಲ್ಲಿ ನೀನು ಗುರುತಿಸಿದ ಅಲಗಿನ ಬುಡದ ತಾಮ್ರದ ಪಟ್ಟಿ ಮಾತ್ರ ಒರೆಯ ಬಾಯಲ್ಲಿ ಬಿಗಿಯಾಗಿ ಕೂರಬೇಕು. ಅಲಗಿನ ಮೈ ಒರೆಯ ಒಳಗೋಡೆಗೆ ತಾಗಬಾರದು.

ಅನ್ನಕ್ಕೆ ಉಪ್ಪು ಬೇಡ. ಬಿಸಿಯಿರುವಾಗಲೇ ಹಲಗೆಯ ಮೇಲೆ ಅರೆ, ಕಾಳು ಕಾಣದಷ್ಟು. ಅಲ್ಲಿನ ಅಕ್ಕಿ ಹೇಗೋ ಏನೋ. ಮೊದಲು ಬೇರೆ ಚೂರಿನ ಮೇಲೆ ಅಂಟಿಸಿ ಪರೀಕ್ಷೆ ಮಾಡು. ಅದಕ್ಕೆಂದು ಆ ಮರದ್ದೇ ಬುಡದ ತುಂಡೊಂದು ಇಟ್ಟಿದ್ದೇನೆ. ಯಾಕೆ ಕಡಿದೆ ಎಂದು ಆಗ ನೀನು ಕೇಳಲಿಲ್ಲ, ಬೈದೆ. ಹೇಳುವ ಮನಸ್ಸು ನನಗೂ ಆಗಲಿಲ್ಲ.

ಆನೆ ಇಲ್ಲ, ಏನೂ ಇಲ್ಲ, ಬರಿ ಮರ. ಇಂದು ನಿನ್ನ ಅತ್ತಿಗೆ ನೋಡಿ, "ಇಷ್ಟು ದಿನ ಇದಕ್ಕೇ ಕೂತಿದ್ರಾ?" ಎಂದಳು.

ಅಂಟು ಒಣಗಿದ ಮೇಲೆ ಫೋಟೋ ಕಳಿಸಬೇಡ. ಫೋಟೋದಲ್ಲಿ ಏನೂ ಗೊತ್ತಾಗುವುದಿಲ್ಲ. ಫೋನ್ ಮಾಡು. ಅಲಗು ಒಳಗೆ ಹೋಗುವ ಸದ್ದು ನನಗೆ ಕೇಳಬೇಕು. ಮಾತಾಡಬೇಕೆಂದೇನಿಲ್ಲ.

ಸೂರ್ಯನಾರಾಯಣ


ಹೈರಿಡ್ಜ್
10 ಆಗಸ್ಟ್ 2025

ಸೂರಣ್ಣನಿಗೆ,

ನಿನ್ನೆಯ ಫೋನಿನಲ್ಲಿ ನಿನ್ನ ಕಡೆ ಏನಾಯಿತೆಂಬುದು ನಿನಗೆ ಗೊತ್ತು. ಈ ಕಡೆಯದನ್ನು ಬರೆಯುತ್ತೇನೆ. ಈ ಕಾಗದ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಇಷ್ಟು ತಿಂಗಳು ಬರೆದು ರೂಢಿಯಾಗಿದೆ.

ಬುಡದ ತುಂಡನ್ನು ಮೊದಲು ತೆಗೆದೆ. ಮೇಲೆ ನೋಡಲು ಚೆನ್ನಾಗಿತ್ತು. ನಡುವೆ ಬೆರಳಿಟ್ಟರೆ ಕಪ್ಪು ಪುಡಿಯಾಗಿ ಉದುರಿತು, ಬೆರಳು ಆಚೆಗೆ ಹೋಯಿತು. ಅದರ ಮೇಲೆ ಅಂಟು ಪರೀಕ್ಷೆ ಮಾಡಲು ಆಗುವುದಿಲ್ಲ ಅಣ್ಣ, ನಿನಗೂ ಅದು ಗೊತ್ತಿತ್ತು. ಒಳಗೇ ಕೊಳೆತ ಆ ಮರ ಮಳೆಗಾಲದಲ್ಲಿ ಯಾರ ಮನೆಯ ಮಾಡಿನ ಮೇಲೆ ಬೀಳುತ್ತಿತ್ತೆಂದು ಲೆಕ್ಕ ಹಾಕುತ್ತ ಬಹಳ ಹೊತ್ತು ಕುಳಿತಿದ್ದೆ. ಅಮ್ಮ ಇರುವ ತನಕ ನೀನು ಅದನ್ನು ಮುಟ್ಟಲಿಲ್ಲ ಎಂಬುದೂ ಆಗಲೇ ಹೊಳೆದದ್ದು.

ಇಲ್ಲೀಗ ಚಳಿ. ಹಿಸಾಕೊ ಮನೆಯಲ್ಲಿ ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಂಡು ಕೆಲಸಕ್ಕೆ ಕೂತೆವು. ಅವರ ಎಣ್ಣೆಗೆ ಲವಂಗದ ವಾಸನೆ. ನೀನು ಹೇಳಿದಂತೆ ತಿರುವಿನಲ್ಲೇ ಎಣ್ಣೆ ಅಂಟಿತು. ನಾನು ಕೆರೆದೆ. ಮೊದಲ ಸಲ ಉಳಿ ಜಾರಿ, ನನ್ನ ಹೆಬ್ಬೆರಳಿಗೆ ಗಾಯವಾಯಿತು, ಮರಕ್ಕೇನೂ ಆಗಲಿಲ್ಲ. ಹಿಸಾಕೊ ಬ್ಯಾಂಡೇಜ್ ಕಟ್ಟಿ, "ಎಲ್ಲರೂ ಅಲಗಿಗೆ ಹೆದರ್ತಾರೆ, ನೀನು ಉಳಿ ಹತ್ರ ಗಾಯ ಮಾಡ್ಕೊಂಡೆ" ಎಂದು ನಕ್ಕರು. ನಾಲ್ಕು ಗುರುವಾರ ಕಾಯಲು ಸಮಯವಿರಲಿಲ್ಲ, ದಿನವೂ ಹೋದೆ. ಕೆರೆಯುತ್ತ ಕೆರೆಯುತ್ತ ಸಂಪಿಗೆ ಹಲಗೆಗೆ ಹೂವಿನ ವಾಸನೆ ಇಲ್ಲವೆಂದು ತಿಳಿಯಿತು. ಬರಿ ಒಣ ಮರದ ವಾಸನೆ, ಅಂಗಡಿಯದು.

ಇಲ್ಲಿನ ಪಿಶೋರಿ ಅಕ್ಕಿ ಉದುರುದುರು, ಅಂಟುವುದಿಲ್ಲ. ಕೊನೆಗೆ ಹಿಸಾಕೊ ತಮ್ಮ ಡಬ್ಬಿಯ ತಳದಲ್ಲಿದ್ದ ಊರಿನ ಅಕ್ಕಿ ಹಾಕಿದರು. ಅರೆದದ್ದು ನಾನು. ಹೋಳುಗಳನ್ನು ಕೂಡಿಸಿ ದಾರ ಸುತ್ತಿ, ದಾರದಡಿ ಮರದ ಬೆಣೆ ತೂರಿಸಿ ಒಣಗಲು ಬಿಟ್ಟೆವು.

ನಿನ್ನೆ ಮಧ್ಯಾಹ್ನ ನಿನ್ನ ನಂಬರ್ ಒತ್ತಿದೆ. ರಿಂಗ್ ಆಗುತ್ತಿರುವಾಗ, ಎತ್ತುವುದಿಲ್ಲ ಎಂದೇ ಅಂದುಕೊಂಡೆ. ರೂಢಿ ಹಾಗಿದೆಯಲ್ಲ. ಆದರೆ ನೀನು ಎತ್ತಿದೆ. ನೀನು ಹಲೋ ಎನ್ನಲಿಲ್ಲ, ನಾನೂ ಅನ್ನಲಿಲ್ಲ. ನೀನು ಉಸಿರು ಬಿಡುವ ಸದ್ದಿತ್ತು, ಹಿಂದೆ ಯಾರೋ ಮರಕ್ಕೆ ಕೀಸುಳಿ ಹೊಡೆಯುತ್ತಿದ್ದರು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. "ಹಾಕು" ಅಂದೆ ನೀನು.

ಹಿಸಾಕೊ ಅಲಗಿನ ಹರಿತದ ಬಾಯಿ ಮೇಲಾಗಿ ಹಿಡಿದು, ತುದಿಯನ್ನು ಒರೆಗೆ ಕೊಟ್ಟರು. ಹಿಡಿಯ ಹತ್ತಿರದ ಆ ಬಾಗೂ ಒಳಗೆ ಹೋಯಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಸದ್ದಾಗಲಿಲ್ಲ. ಕೊನೆಯಲ್ಲಿ ತಾಮ್ರದ ಪಟ್ಟಿ ಕೂತಾಗ ಮಾತ್ರ ತಪ್ ಎಂದು ಸಣ್ಣಗೆ, ತುಟಿ ಮುಚ್ಚಿದ ಹಾಗೆ. ಹಿಸಾಕೊ ಒರೆಯನ್ನು ತೊಡೆಯ ಮೇಲಿಟ್ಟುಕೊಂಡು ಫೋನಿಗೆ ತಲೆ ಬಾಗಿಸಿದರು. ನಿನಗೆ ಅದು ಕಾಣುವುದಿಲ್ಲವೆಂದು ಅವರಿಗೆ ಹೊಳೆಯಲಿಲ್ಲ.

"ಇನ್ನೊಂದ್ಸಲ" ಅಂದೆ ನೀನು.

ತೆಗೆದು ಮತ್ತೆ ಹಾಕಿದರು. ನೀನು "ಹ್ಞೂಂ" ಅಂದೆ. ಅಪ್ಪ ಒಂದು ಕೆಲಸವನ್ನು ಒಪ್ಪಿದಾಗ ಅಷ್ಟೇ ಅನ್ನುತ್ತಿದ್ದರು. ಆಮೇಲೆ ಯಾರೂ ಫೋನ್ ಇಡಲಿಲ್ಲ. ಬುಡದ ತುಂಡಿನ ಮಾತೇ ಬಾಯಿಗೆ ಬರುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಅಷ್ಟರಲ್ಲಿ ನಿನ್ನ ಹಿಂದಿನಿಂದ ಅತ್ತಿಗೆಯ ದನಿ ಕೇಳಿತು.

"ಯಾರ್ರೀ ಅದು, ಇಷ್ಟೊತ್ತಿಂದ ಮಾತಿಲ್ದೆ ಕಿವೀಗಿಟ್ಕೊಂಡ್ ನಿಂತಿದೀರಿ?"

"ನಮ್ ರುಕ್ಕು" ಅಂದೆ ನೀನು.

ರುಕ್ಕು